ಗಿಳಿಹಸಿರು ಪೆಸ್ಟೊ ಅವನ್‌ಗೆ ಹೋಗಿ ಕಪ್ಪಾಗಿ ಬಂತು: ಓದುಗರ ಪಿಜ್ಜಾ ಪ್ರಶ್ನೆಗಳು

ಹೋದ ಸಂಚಿಕೇಲಿ ಮನೇಲೇ ಮಾಡೋ ಪೆಸ್ಟೊ ಪಿಜ್ಜಾ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರ್ದಿದ್ದೆ. ಟೊಮೇಟೊ ಸಾಸ್ ಬದ್ಲು ಬೇಸಿಲ್ ಪೆಸ್ಟೊ (ಬೇಸಿಲ್ ಅಂದ್ರೆ ಕಾಮಕಸ್ತೂರಿ ಎಲೆ, ಬೆಳ್ಳುಳ್ಳಿ, ಬೀಜ, ಚೀಸು, ಆಲಿವ್ ಎಣ್ಣೆ ಸೇರಿಸಿ ಅರೆದ ಇಟಲಿಯ ಸಾಸ್) ಹಚ್ಚಿ, ಮೇಲೆ ಮೊಜರೆಲ್ಲಾ ಹರಡಿ, ಕಾದ ಅವನ್‌ನಲ್ಲಿ ಬೇಯಿಸಿ, ಅಷ್ಟೇ. ಅದಕ್ಕೆ ಬಂದಿರೋ ಪತ್ರಗಳನ್ನ ನೋಡಿದ್ರೆ ಅರ್ಧಕ್ಕರ್ಧ ಜನ ಬೈದಿದ್ದೀರಿ, ಬೈಸ್ಕೊಳ್ಳೋ ಹಾಗೇ ಬರ್ದಿದ್ದೆ ಬಿಡಿ, ಒಪ್ಕೋತೀನಿ. ಈ ಸಲ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ನೀವು ಹೇಳಿದ ಹಾಗೇ ಮಾಡ್ದೆ. ಒಳಗೆ ಹೋಗುವಾಗ ಪೆಸ್ಟೊ ಗಿಳಿಹಸಿರು, ಹನ್ನೆರಡು ನಿಮಿಷ ಬಿಟ್ಟು ತೆಗೆದ್ರೆ ಕೊಳೆತ ಎಲೆ ಬಣ್ಣ, ಮೇಲೆ ಎಣ್ಣೆ ನಿಂತಿದೆ. ಮಗಳು ತಟ್ಟೇನೇ ಆ ಕಡೆ ತಳ್ಳಿದ್ಲು. ನಾನೇನು ತಪ್ಪು ಮಾಡ್ದೆ? – ಹಸಿರು ಕಳ್ಕೊಂಡವಳು

ಉತ್ತರ: ನೀವೇನೂ ಮಾಡ್ಲಿಲ್ಲ ಮಾರಾಯ್ತಿ, ತಪ್ಪು ನಂದು. ಪೆಸ್ಟೊ ಅನ್ನೋದು ಬೇಯಿಸೋ ಸಾಸ್ ಅಲ್ಲ, ಹಸಿ ಸಾಸ್. ಇಟಲಿಯ ಜಿನೋವಾದಲ್ಲಿ ಪಾಸ್ತಾಗೆ ಹಾಕುವಾಗ್ಲೂ ಅದನ್ನ ಒಲೆ ಮೇಲೆ ಇಡಲ್ಲ, ಬೆಂದ ಪಾಸ್ತಾನ ಸೋಸಿ, ಬಟ್ಟಲಲ್ಲಿರೋ ಪೆಸ್ಟೊಗೆ ಅದೇ ಬಿಸಿ ನೀರು ಒಂದೆರಡು ಚಮಚ ಹಾಕಿ ಕಲಸ್ತಾರೆ ಅಷ್ಟೇ. ಎಲೆಯ ಹಸಿರು ಅಂದ್ರೆ ಕ್ಲೋರೊಫಿಲ್, ಅದರ ನಡುವೆ ಒಂದು ಮೆಗ್ನೀಸಿಯಂ ಕೂತಿರತ್ತೆ, ಜಾಸ್ತಿ ಹೊತ್ತು ಬಿಸಿ ತಾಗಿದ್ರೆ ಅಥವಾ ಹುಳಿ ತಾಗಿದ್ರೆ ಅದು ಕಳಚ್ಕೊಂಡು ಹೋಗತ್ತೆ, ಆಗ ಹಸಿರು ಹೋಗಿ ಮಂಕು ಕಂದು ಬರತ್ತೆ. ಬಣ್ಣ ಹೋದ್ರೆ ಹೋಗ್ಲಿ ಅಂದ್ಕೋಬಹುದಿತ್ತು, ಆದ್ರೆ ಬೇಸಿಲ್ ಘಮಾನೂ ಗಾಳಿಗೆ ಹಾರಿಹೋಗೋ ಎಣ್ಣೆಗಳದ್ದೇ, ಹಂಗಾಗಿ ಪಿಜ್ಜಾ ಬೇಯುವಾಗ ಅಡುಗೆಮನೆ ತುಂಬಾ ಘಮ್ ಅಂತ ಬಂತು ಅಂತ ಖುಷಿಪಟ್ರಲ್ಲ, ಅದೆಲ್ಲ ನಿಮ್ಮ ತಟ್ಟೆಗೆ ಬರಬೇಕಾಗಿದ್ದ ಘಮ. ಎಣ್ಣೆ ಕಥೇನೂ ಅದೇ. ಚೀಸು, ಬೀಜ, ಎಲೆ ಎಲ್ಲಾ ಸೇರಿ ಎಣ್ಣೇನ ಹೆಂಗೋ ಹಿಡ್ಕೊಂಡಿರತ್ತೆ, 250 ಡಿಗ್ರಿ ಶಾಖ ಬಿದ್ದ ಕೂಡ್ಲೇ ಕೈಬಿಡತ್ತೆ.

ಹಾಗಾದ್ರೆ ಏನ್ ಮಾಡೋದು ಅಂದ್ರೆ, ಪೆಸ್ಟೊನ ಹೊರಗಿಟ್ಟು ಪಿಜ್ಜಾನ ಒಳಗೆ ಕಳಿಸೋದು. ಲಟ್ಟಿಸದೆ ಕೈಯಲ್ಲೇ ಹಿಗ್ಗಿಸಿದ ಹಿಟ್ಟಿನ ಮೇಲೆ ಒಂದು ಚಮಚ ಆಲಿವ್ ಎಣ್ಣೆ ಸವರಿ, ನೀರು ಸೋರಿಸಿದ ಮೊಜರೆಲ್ಲಾ ಹಾಕಿ ಬೇಯಿಸ್ಕೊಳ್ಳಿ. ಹೊರಗೆ ಬಂದ ಮೇಲೆ ಅರ್ಧ ನಿಮಿಷ ತಾಳಿ. ಚೀಸು ಕೊತಕೊತ ಅನ್ನೋದು ನಿಲ್ಲತ್ತಲ್ಲ, ಆಗ ಚಮಚದ ತುದೀಲಿ ಅಲ್ಲಲ್ಲಿ ಪೆಸ್ಟೊ ಬಿಡಿ. 12 ಇಂಚಿನ ಪಿಜ್ಜಾಗೆ ಎರಡೂವರೆ ಮೂರು ದೊಡ್ಡ ಚಮಚ ಸಾಕು. ಚೀಸಿನ ಬಿಸಿಗೆ ಪೆಸ್ಟೊ ಅಂಚು ಮೆಲ್ಲಗೆ ಕರಗಿ ಹರಡತ್ತೆ, ನಡುಭಾಗ ಹಾಗೇ ತಣ್ಣಗೆ ಕೂತಿರತ್ತೆ, ಒಂದೊಂದು ತುತ್ತಿಗೆ ಒಂದೊಂದು ಥರ ಸಿಗತ್ತೆ. ಇಟಲಿಯ ಪಿಜ್ಜಾ ಮಾಡೋರು ಇದಕ್ಕೆ 'ಇನ್ ಉಷೀತಾ' ಅಂತಾರೆ, ಅಂದ್ರೆ ಒಲೆಯಿಂದ ಹೊರಬಂದ ಮೇಲೆ ಹಾಕೋದು.

ಇಲ್ಲ ನಂಗೆ ಚೀಸಿನ ಕೆಳಗೇ ಹಸಿರು ಬೇಕು, ಬೇಸ್ ಅಂದ್ರೆ ಬೇಸೇ ಅಂತೀರಾ, ಸರಿ. ಎರಡು ಚಮಚ ಪೆಸ್ಟೊಗೆ ನಾಲ್ಕು ಚಮಚ ರಿಕೋಟಾ ಅನ್ನೋ ಮೆತ್ತನೆ ಚೀಸು ಕಲಸಿ ತೆಳ್ಳಗೆ ಹಚ್ಚಿ, ಮೇಲೆ ಎಲ್ಲೂ ಕಾಣದ ಹಾಗೆ ಮೊಜರೆಲ್ಲಾ ಮುಚ್ಚಿ. ರಿಕೋಟಾದಲ್ಲಿ ನೀರಿರತ್ತೆ, ಆ ನೀರು ಇರೋವರೆಗೂ ಅಷ್ಟು ಜಾಗದ ಬಿಸಿ 100 ಡಿಗ್ರಿ ದಾಟಲ್ಲ, ಹಂಗಾಗಿ ಪೆಸ್ಟೊ ಉರ್ದು ಹೋಗಲ್ಲ, ಬಣ್ಣ ಸ್ವಲ್ಪ ಮಂಕಾಗತ್ತೆ ಅಷ್ಟೇ. ಆಮೇಲೆ ಒಂದು ಚಮಚ ಹಸಿ ಪೆಸ್ಟೊ ಎತ್ತಿಟ್ಕೊಂಡಿದ್ದು ಕೊನೇಲಿ ಮೇಲೆ ಹಾಕಿ. ಕೆಳಗಿಂದು ರುಚಿಗೆ, ಮೇಲಿಂದು ಘಮಕ್ಕೆ. ನಾನಂತೂ ಈಗ ಹೀಗೇ ಮಾಡೋದು. ಮಗಳಿಗೆ ಇನ್ನೊಂದು ಚಾನ್ಸ್ ಕೊಡೋಕೆ ಹೇಳಿ.

ಪ್ರಶ್ನೆ: ಮಿಕ್ಸಿಗೆ ಬೇಸಿಲ್, ಬೆಳ್ಳುಳ್ಳಿ, ಎಣ್ಣೆ ಎಲ್ಲಾ ಒಟ್ಟಿಗೆ ಹಾಕಿ ಎರಡು ನಿಮಿಷ ತಿರುಗಿಸ್ದೆ. ಕಹಿ ಅಂದ್ರೆ ಕಹಿ. ದುಬಾರಿ ಎಣ್ಣೆ ಬೇರೆ. ಎಲೆ ಸರಿ ಇರ್ಲಿಲ್ವಾ? – ಎರಡು ನಿಮಿಷದ ಪಾಪಿ

ಉತ್ತರ: ಎಲೆ ಸರಿ ಇದ್ದಿರತ್ತೆ, ಆ ಎರಡು ನಿಮಿಷ ಸರಿ ಇರ್ಲಿಲ್ಲ. ಒಳ್ಳೆ ಎಕ್ಸ್‌ಟ್ರಾ ವರ್ಜಿನ್ ಎಣ್ಣೇಲಿ ಪಾಲಿಫಿನಾಲ್ ಅಂತ ಕಹಿ ಅಂಶಗಳಿರ್ತವೆ, ಬ್ಲೇಡು ಜೋರಾಗಿ ಬಹಳ ಹೊತ್ತು ಬಡಿದ್ರೆ ಆ ಕಹಿ ಎದ್ದು ಮುಂದೆ ಬರತ್ತೆ. ಎಣ್ಣೆ ಎಷ್ಟು ಚೆನ್ನಾಗಿದ್ರೆ ಈ ಕಾಟ ಅಷ್ಟು ಜಾಸ್ತಿ. ಅದ್ರ ಜೊತೆಗೆ ಮಿಕ್ಸಿ ಬಿಸಿಯಾಗತ್ತೆ, ಎಲೇನೂ ಕಪ್ಪಾಗೋಕೆ ಶುರುವಾಗತ್ತೆ.

'ಪೆಸ್ಟೊ' ಅನ್ನೋ ಪದಾನೇ 'ಪೆಸ್ತಾರೆ' ಅಂದ್ರೆ ಕುಟ್ಟು, ಜಜ್ಜು ಅನ್ನೋದ್ರಿಂದ ಬಂದಿದ್ದು. ಜಿನೋವಾದೋರು ಅಮೃತಶಿಲೆಯ ಒರಳು, ಮರದ ಒನಕೆ ಇಟ್ಕೊಂಡು ಮಾಡ್ತಾರೆ, ಅಲ್ಲಿ ಎರಡು ವರ್ಷಕ್ಕೊಮ್ಮೆ ಒರಳಲ್ಲಿ ಪೆಸ್ಟೊ ಕುಟ್ಟೋ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯತ್ತೆ, ನಗಬೇಡಿ, ನಿಜ. ಅವರು ಹೇಳೋ ಅಳತೆ ಹೆಚ್ಚು ಕಮ್ಮಿ ಹೀಗೆ: 50 ಗ್ರಾಂ ಬರೀ ಎಲೆ, ದಂಟು ಬೇಡ. ಬೆಳ್ಳುಳ್ಳಿ ಎರಡು ಎಸಳು, ಪೈನ್ ನಟ್ ಒಂದು ದೊಡ್ಡ ಚಮಚ, ತುರಿದ ಪಾರ್ಮಿಜಾನೊ ಚೀಸು ಆರು ಚಮಚ, ಕುರಿಹಾಲಿನ ಪೆಕೊರಿನೊ ಚೀಸು ಎರಡು ಚಮಚ, ಎಣ್ಣೆ ಅರ್ಧ ಕಪ್ಪು, ಕಲ್ಲುಪ್ಪು ನಾಲ್ಕು ಹರಳು. ನನಗೆ ಪಿಜ್ಜಾಗೆ ಅರ್ಧ ಕಪ್ಪು ಎಣ್ಣೆ ಜಾಸ್ತಿ ಅನ್ಸತ್ತೆ, ಕಾಲು ಕಪ್ಪಿಗಿಂತ ಚೂರು ಮೇಲೆ ಹಾಕಿ ಗಟ್ಟಿ ಇಟ್ಕೋತೀನಿ, ಪಿಜ್ಜಾ ಮೇಲೆ ಚೀಸಿನ ಜಿಡ್ಡು ಹೇಗೂ ಇದ್ದೇ ಇರತ್ತೆ.

ಮೊದ್ಲು ಬೆಳ್ಳುಳ್ಳಿ ಉಪ್ಪು ಸೇರಿಸಿ ಬೆಣ್ಣೆ ಥರ ಅರೀರಿ, ಬೀಜ ಹಾಕಿ ಅರೀರಿ, ಆಮೇಲೆ ಎಲೆ ಸ್ವಲ್ಪ ಸ್ವಲ್ಪ ಹಾಕ್ತಾ ಒನಕೇನ ಮೇಲಿಂದ ಕೆಳಗೆ ಧಡಧಡ ಕುಟ್ಟದೆ ಒರಳಿನ ಗೋಡೆಗೆ ಒತ್ತಿ ತಿರುವಿ. ಕಲ್ಲುಪ್ಪಿನ ಹರಳೇ ಎಲೇನ ಹರಿಯತ್ತೆ, ನೀವು ಬರೀ ಕೈ ಆಡಿಸಿದ್ರೆ ಸಾಕು. ತಳದಲ್ಲಿ ಹಸಿರು ರಸ ಬಿಡೋಕೆ ಶುರುವಾದಾಗ ಚೀಸು, ಕೊನೇಲಿ ಎಣ್ಣೆ ಎಳೆ ಎಳೆಯಾಗಿ. ಒರಳಿಲ್ಲ ಅಂದ್ರೆ ಮಿಕ್ಸೀನೇ ಆಗ್ಲಿ, ಜಾರು ಬ್ಲೇಡು ಎರಡನ್ನೂ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟು, ಪಲ್ಸ್ ಒತ್ತಿ ಒತ್ತಿ ಬಿಟ್ಟು, ಎಣ್ಣೆ ಮಾತ್ರ ಮಿಕ್ಸಿಯಿಂದ ತೆಗೆದ ಮೇಲೆ ಚಮಚದಲ್ಲಿ ಕಲಸಿ. ಎಲೆ ತೊಳೆದ್ರೆ ಬಟ್ಟೆ ಮೇಲೆ ಪೂರ್ತಿ ಆರಿಸಿ, ಒದ್ದೆ ಎಲೆ ಪೆಸ್ಟೊ ನೀರು ನೀರಾಗತ್ತೆ.

ಬಣ್ಣ ನಿಲ್ಲಲೇಬೇಕು ಅನ್ನೋರು ಎಲೇನ ಕುದಿಯೋ ನೀರಲ್ಲಿ ಹತ್ತು ಸೆಕೆಂಡ್ ಅದ್ದಿ ಐಸ್ ನೀರಿಗೆ ಹಾಕಿ ಹಿಂಡಿ ಮಾಡಿ, ಎಲೇನ ಕಪ್ಪಾಗಿಸೋ ಎಂಜೈಮು ಅಲ್ಲೇ ಸತ್ತು ಹೋಗತ್ತೆ, ಹಸಿರು ದಿನಗಟ್ಟಲೆ ನಿಲ್ಲತ್ತೆ. ಘಮ ಸ್ವಲ್ಪ ಕಮ್ಮಿ ಆಗತ್ತೆ, ಹಾಗಾಗಿ ನಾನು ಮಾಡಲ್ಲ. ನಿಂಬೆರಸ ಹಿಂಡಿ ಅಂತ ಹೇಳೋರ ಮಾತು ಕೇಳ್ಬೇಡಿ, ಮೊದ್ಲು ಚೆನ್ನಾಗೇ ಕಾಣತ್ತೆ, ಇಟ್ಟಷ್ಟೂ ಹುಳಿಗೆ ಹಸಿರು ಹೋಗತ್ತೆ.

ಪ್ರಶ್ನೆ: ಬೇಸಿಲ್ ಬದಲು ತುಳಸಿ ಹಾಕಬಹುದಾ? – ಆತುರಗಾರ

ಉತ್ತರ: ಬೇಡ. ಒಂದೇ ಕುಟುಂಬ, ಗುಣ ಬೇರೆ. ತುಳಸಿ ಲವಂಗದ ಥರ ಖಾರ ಹೊಡೆಯತ್ತೆ, ಪೆಸ್ಟೊಗೆ ಬೇಕಿರೋದು ಕಾಮಕಸ್ತೂರಿ ಜಾತಿಯ ಸಿಹಿ ಬೇಸಿಲ್, ಅದರಲ್ಲೂ ಗಿಡ ಹೂ ಬಿಡೋಕೆ ಮುಂಚಿನ ಎಳೆ ಎಲೆ.

ಪ್ರಶ್ನೆ: ಮೇಡಂ, ಹಿಟ್ಟಿನ ಬಗ್ಗೆ ನೀವು ಒಂದಕ್ಷರಾನೂ ಬರೀಲಿಲ್ಲ. ನಾನು ಹಿಗ್ಗಿಸ್ತೀನಿ ಅದು ಮುದುರ್ಕೊಳ್ಳತ್ತೆ, ಹಿಗ್ಗಿಸ್ತೀನಿ ಮುದುರ್ಕೊಳ್ಳತ್ತೆ, ಕೊನೆಗೆ ಲಟ್ಟಣಿಗೆ ತಗೊಂಡೆ, ಬಿಸ್ಕೆಟ್ ಆಯ್ತು. '00' ಹಿಟ್ಟು ತರಿಸ್ಕೊಂಡೇ ಮಾಡಿದ್ದು. – ಲಟ್ಟಣಿಗೆ ಹಿಡಿದವನು

ಉತ್ತರ: ಮುದುರ್ಕೊಳ್ಳೋ ಹಿಟ್ಟು ನಿಮಗೆ ಹೇಳ್ತಿರೋದು ಒಂದೇ, ಸ್ವಲ್ಪ ಬಿಡಪ್ಪಾ ನನ್ನ ಅಂತ. ನಾದಿದಾಗ ಗ್ಲುಟನ್, ಅಂದ್ರೆ ಹಿಟ್ಟಿನ ಅಂಟು, ಬಿಗಿಯಾಗಿರತ್ತೆ, ಸುಮ್ನೆ ಬಿಟ್ರೆ ಸಡಿಲ ಆಗತ್ತೆ. ಜಗಳಕ್ಕಿಳೀಬೇಡಿ, ಬಟ್ಟೆ ಮುಚ್ಚಿ ಹದಿನೈದು ನಿಮಿಷ ಆಚೆ ಹೋಗಿ ಬನ್ನಿ, ತಾನೇ ಹಿಗ್ಗತ್ತೆ.

ಎರಡು ಪಿಜ್ಜಾಗೆ ನನ್ನ ಲೆಕ್ಕ: ಹಿಟ್ಟು 320 ಗ್ರಾಂ, ನೀರು 205 ಗ್ರಾಂ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ. ಹೌದು ಒಂದೇ ಗ್ರಾಂ, ಕಾಲು ಟೀ ಚಮಚಕ್ಕಿಂತ ಚೂರು ಜಾಸ್ತಿ. ಬೇಗ ಉಬ್ಬಲಿ ಅಂತ ಒಂದು ಚಮಚ ಯೀಸ್ಟ್ ಸುರಿದ್ರೆ ಒಂದು ಗಂಟೇಲಿ ಉಬ್ಬತ್ತೆ, ಆದ್ರೆ ತಿನ್ನುವಾಗ ಬರೀ ಯೀಸ್ಟ್ ವಾಸನೆ. ನೀರು ಮುಟ್ಟಿದ್ರೆ ಬಿಸಿ ಅನ್ನಿಸಬಾರದು, 55 ಡಿಗ್ರಿ ದಾಟಿದ್ರೆ ಯೀಸ್ಟ್ ಸಾಯೋಕೆ ಶುರು. ಕಲಸಿ ಇಪ್ಪತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ನಾದಿ, ಅರ್ಧ ಕೆಲಸ ಆಗ್ಲೇ ಆಗಿರತ್ತೆ. ಮೊದ್ಲು ಕೈಗೆ ಅಂಟತ್ತೆ, ಅಂಟ್ತು ಅಂತ ಹಿಟ್ಟು ಸೇರಿಸ್ತಾ ಹೋದ್ರೋ ಕಥೆ ಮುಗೀತು, ಎಂಟು ಹತ್ತು ನಿಮಿಷ ನಾದಿ ನೋಡಿ, ಕೈ ಬಿಟ್ಟು ತಾನೇ ನುಣ್ಣಗಾಗತ್ತೆ. ಒಂದು ಚೂರು ಕಿತ್ತು ಎರಡೂ ಕೈಯಲ್ಲಿ ಎಳೆದು ಬೆಳಕಿಗೆ ಹಿಡಿದ್ರೆ ಹರಿಯದೆ ಪರದೆ ಥರ ತೆಳ್ಳಗಾಗಿ ಆಚೆ ಕಡೆ ಬೆಳಕು ಕಾಣ್ಬೇಕು. ಎರಡು ಉಂಡೆ ಮಾಡಿ ಎಣ್ಣೆ ಸವರಿದ ಡಬ್ಬೀಲಿ ಫ್ರಿಜ್‌ಗೆ ಹಾಕಿ 24 ಗಂಟೆ ಮರೆತುಬಿಡಿ. ಮಾಡೋಕೆ ಎರಡು ಗಂಟೆ ಮುಂಚೆ ಹೊರಗಿಡಿ. ಫ್ರಿಜ್‌ನಿಂದ ತೆಗೆದ ತಕ್ಷಣ ಹಿಗ್ಗಿಸೋಕೆ ಹೋದ್ರೆ ಅದೇ ನಿಮ್ಮ ಮುದುರ್ಕೊಳ್ಳೋ ರೋಗ.

ಲಟ್ಟಣಿಗೆ ಯಾಕೆ ಬೇಡ ಅಂದ್ರೆ, ಒಂದು ದಿನ ಪೂರ್ತಿ ಯೀಸ್ಟ್ ಮಾಡಿಟ್ಟ ಗಾಳೀನ ಒಂದೇ ಏಟಿಗೆ ಹೊರಗೆ ಹಾಕತ್ತೆ ಅದು. ಬೆರಳ ತುದೀಲಿ ನಡುವಿಂದ ಶುರು ಮಾಡಿ ಹೊರಗಡೆಗೆ ಒತ್ತುತ್ತಾ ಹೋಗಿ, ಅಂಚಿಗೆ ಒಂದು ಬೆರಳಷ್ಟು ಜಾಗ ಮುಟ್ಟಲೇಬೇಡಿ. ಗಾಳಿ ಅಲ್ಲಿಗೆ ಹೋಗಿ ಸೇರ್ಕೊಳ್ಳತ್ತೆ, ಬೆಂದಾಗ ಆ ಅಂಚೇ ಉಬ್ಬೋದು.

'00' ಬಗ್ಗೆ ಒಂದು ಮಾತು. ಅದು ಹಿಟ್ಟು ಎಷ್ಟು ಶುದ್ಧ, ಎಷ್ಟು ಬಿಳಿ ಅನ್ನೋದಕ್ಕೆ ಇಟಲಿಯವರು ಇಟ್ಟಿರೋ ದರ್ಜೆ, ಗಟ್ಟಿತನಕ್ಕೆ ಅಲ್ಲ. ಕೇಕಿಗೂ '00' ಬರತ್ತೆ ಪಿಜ್ಜಾಗೂ '00' ಬರತ್ತೆ. ಚೀಲದ ಹಿಂದೆ ಪ್ರೊಟೀನ್ ನೋಡಿ, 12 ಪರ್ಸೆಂಟ್ ಆಸುಪಾಸು ಇದ್ರೆ ತಗೊಳ್ಳಿ. ಇನ್ನೊಂದು, ಈ ಪಿಜ್ಜಾ ಹಿಟ್ಟುಗಳು 400 ಡಿಗ್ರಿ ಮೇಲಿನ ಒಲೆಗೆ ಅಂತ ಮಾಡಿದ್ದು, ಮನೆ ಅವನ್‌ನಲ್ಲಿ ಬೆಂದ್ರೂ ಬಿಳಚಿಕೊಂಡೇ ಇರ್ತವೆ, ಬ್ರೆಡ್ ಹಿಟ್ಟೇ ವಾಸಿ. ಇಲ್ಲಾಂದ್ರೆ ಅದಕ್ಕೇ ಅರ್ಧ ಚಮಚ ಸಕ್ಕರೆ ಒಂದು ಚಮಚ ಎಣ್ಣೆ ಸೇರಿಸಿ, ಬಣ್ಣ ಬರತ್ತೆ.

ಪ್ರಶ್ನೆ: ನಮ್ಮ ಅವನ್ 250ಕ್ಕೇ ನಿಲ್ಲತ್ತೆ. ಇಟಲಿ ಥರ ಬರೋಕೆ ಸಾಧ್ಯಾನೇ ಇಲ್ವಾ? ಮೇಲೆಲ್ಲ ಬೆಂದಿರತ್ತೆ, ತಳ ಹಸಿ. – ಅರ್ಧ ಬೆಂದವರು

ಉತ್ತರ: ನೇಪಲ್ಸ್‌ನಲ್ಲಿ ಸೌದೆ ಒಲೆ 430 ಡಿಗ್ರಿ ದಾಟಿರತ್ತೆ, ಪಿಜ್ಜಾ 60ರಿಂದ 90 ಸೆಕೆಂಡಲ್ಲಿ ಹೊರಗೆ. ಅದನ್ನ ಮನೇಲಿ ಮಾಡ್ತೀನಿ ಅಂದ್ರೆ ಆಗಲ್ಲ, ಬಿಟ್ಹಾಕಿ. ಆದ್ರೆ ಹಸಿ ತಳಕ್ಕೆ ಮದ್ದಿದೆ. ಪಿಜ್ಜಾ ಕಲ್ಲು ಇದ್ರೆ ಅಥವಾ ದಪ್ಪ ಸ್ಟೀಲ್ ಪ್ಲೇಟ್ ಇದ್ರೆ ಫುಲ್ ಉರೀಲಿ 45 ನಿಮಿಷ ಕಾಯಿಸಿ, ಅವನ್ ದೀಪ ಆರಿದ ತಕ್ಷಣ ಕಾದಿದೆ ಅಂದ್ಕೋಬೇಡಿ, ಅದು ಗಾಳಿ ಕಾದಿರೋದು, ಕಲ್ಲು ಇನ್ನೂ ತಣ್ಣಗಿರತ್ತೆ. ಏನೂ ಇಲ್ಲ ಅಂದ್ರೆ ದಪ್ಪ ಕಬ್ಬಿಣದ ಬಾಣಲೆ. ಅದನ್ನ ಒಲೆ ಮೇಲೆ ಚೆನ್ನಾಗಿ ಕಾಯಿಸಿ, ಹಿಗ್ಗಿಸಿದ ಹಿಟ್ಟು ಅದರೊಳಗೇ ಹಾಸಿ, ಚೀಸ್ ಹಾಕಿ, ಎರಡು ಮೂರು ನಿಮಿಷ ತಳ ಚುಕ್ಕೆ ಚುಕ್ಕೆ ಕಂದಾದ್ಮೇಲೆ ಬಾಣಲೆ ಸಮೇತ ಅವನ್‌ನ ಗ್ರಿಲ್ ಕೆಳಗೆ. ಹಿಡಿಗೆ ದಪ್ಪ ಬಟ್ಟೆ ಹಿಡೀರಿ, ನಾನು ಒಂದ್ಸಲ ಮಾತಾಡ್ತಾ ಬರಿಗೈಲಿ ಹಿಡಿದು ಎರಡು ವಾರ ಪೆನ್ನು ಹಿಡಿಯೋಕಾಗ್ಲಿಲ್ಲ.

ಹಸಿ ತಳಕ್ಕೆ ಇನ್ನೊಂದು ಕಾರಣ ಮೊಜರೆಲ್ಲಾ. ನೀರಲ್ಲಿ ಮುಳುಗಿಸಿ ಬರೋ ಉಂಡೆ ಆದ್ರೆ ಹೆಚ್ಚಿ ಜರಡೀಲಿ ಎರಡು ಗಂಟೆ ಬಿಡಿ, ಕೆಳಗೆ ಬಟ್ಟಲಲ್ಲಿ ನಿಂತಿರೋ ಹಾಲಿನಂಥ ನೀರು ನೋಡಿದ್ರೆ ಗೊತ್ತಾಗತ್ತೆ ಅದೆಲ್ಲ ಎಲ್ಲಿಗೆ ಹೋಗ್ತಿತ್ತು ಅಂತ. ಮರದ ಹಲಗೆಯಿಂದ ಪಿಜ್ಜಾ ಜಾರಬೇಕಾದ್ರೆ ಕೆಳಗೆ ಸಣ್ಣ ರವೆ ಉದುರಿಸಿ, ಒಂದು ಸಲ ಅಲ್ಲಾಡಿಸಿ ನೋಡಿ ಆಮೇಲೆ ಚೀಸ್ ಹಾಕಿ. 250ರಲ್ಲಿ ಏಳರಿಂದ ಒಂಬತ್ತು ನಿಮಿಷ ಸಾಕು. ಮೇಲಿನ ಹಸಿರು ಕಳ್ಕೊಂಡವರು ಹನ್ನೆರಡು ನಿಮಿಷ ಬಿಟ್ಟಿದ್ರು, ಕಲ್ಲು ಕಾದಿರ್ಲಿಲ್ಲ ಅಂತ ಕಾಣತ್ತೆ.

ಪ್ರಶ್ನೆ: ನಮ್ಮೆಜಮಾನ್ರು ಇಟಲಿಗೆ ಕೆಲಸದ ಮೇಲೆ ಹೋಗಿ ಬಂದೋರು. ಪೆಸ್ಟೊ ಹಾಕಿದ್ದು ಪಿಜ್ಜಾನೇ ಅಲ್ಲ, ಇಟಲಿಯೋರು ನಗ್ತಾರೆ ಅಂತ ಊಟದ ಮಧ್ಯ ಶುರು ಮಾಡಿದ್ರು. ಉತ್ತರ ಕೊಡಿ, ಫ್ರಿಜ್ ಮೇಲೆ ಅಂಟಿಸ್ತೀನಿ. – ಫ್ರಿಜ್ ಬಾಗಿಲು

ಉತ್ತರ: ಯಜಮಾನ್ರದ್ದೂ ಕಾಲು ಭಾಗ ಸರಿ. ನೇಪಲ್ಸ್ ಪಿಜ್ಜಾದ ನಿಯಮ ಕಾಯೋ ಸಂಘ ಒಂದಿದೆ, 1984ರಲ್ಲಿ ಶುರುವಾಗಿದ್ದು, ಅವರ ಪ್ರಕಾರ 'ನಿಜವಾದ ನೇಪಲ್ಸ್ ಪಿಜ್ಜಾ' ಅಂದ್ರೆ ಮಾರಿನಾರ, ಮಾರ್ಗರೀಟಾ, ಎರಡೇ, ಎರಡಕ್ಕೂ ಟೊಮೇಟೊ ಬೇಕೇ ಬೇಕು. ಅಲ್ಲಿನ ಪಿಜ್ಜಾ ಮಾಡೋ ಕಲೆ 2017ರಲ್ಲಿ ಯುನೆಸ್ಕೊ ಪಟ್ಟೀಗೂ ಸೇರಿದೆ. ಪೆಸ್ಟೊ ಊರು ಬೇರೆ, ಉತ್ತರದ ಲಿಗೂರಿಯಾ ಸೀಮೆಯ ಬಂದರು ಜಿನೋವಾ. ಅಲ್ಲಿನ ಬೇಸಿಲ್‌ಗೆ 2005ರಿಂದ ಯುರೋಪ್ ಒಕ್ಕೂಟದ ಮೂಲಸ್ಥಳದ ಗುರುತೂ ಇದೆ. ಎರಡು ಊರಿನ ಎರಡು ಅಭಿಮಾನ ಒಂದೇ ತಟ್ಟೇಲಿ ಕೂತಿದೆ ಅಂದ್ಕೊಳ್ಳಿ. ಆದ್ರೆ ಟೊಮೇಟೊ ಇಲ್ಲದ ಪಿಜ್ಜಾ ಇಟಲೀಲಿ ಹೊಸದೇನಲ್ಲ, 'ಬಿಳಿ ಪಿಜ್ಜಾ' ಅಂತ್ಲೇ ಕರೀತಾರೆ, ಪೆಸ್ಟೊ ಹಾಕಿದ್ದನ್ನೂ ಇಟಲಿಯೋರೇ ಮಾಡ್ತಾರೆ ಇಟಲಿಯೋರೇ ತಿಂತಾರೆ, ಯಾರೂ ನಗಲ್ಲ.

ಇನ್ನೂ ವಾದಕ್ಕೆ ಬಂದ್ರೆ ಇದನ್ನ ಹೇಳಿ: 1863ರಲ್ಲಿ ಅಚ್ಚಾದ ಜಿನೋವಾದ ಒಂದು ಅಡುಗೆ ಪುಸ್ತಕದಲ್ಲಿ ಪೆಸ್ಟೊ ಮಾಡೋ ಕ್ರಮ ಇದೆ, ಅದರಲ್ಲಿ ಬೇಸಿಲ್ ಸಿಗದಿದ್ರೆ ಮಾರ್ಜೋರಂ, ಪಾರ್ಸ್ಲಿ ಅನ್ನೋ ಸೊಪ್ಪು ಹಾಕಿ ಅಂತಿದೆ, ಪಾರ್ಮಿಜಾನೊ ಜೊತೆ ಡಚ್ ಚೀಸು, ಕುಟ್ಟುವಾಗ ಚೂರು ಬೆಣ್ಣೆ! ಬಂದರು ಊರಲ್ವಾ, ಹಡಗಲ್ಲಿ ಬಂದಿದ್ದು ಒರಳಿಗೆ ಬಿತ್ತು. ಅದಕ್ಕೇ 'ಅಪ್ಪಟ' ಅನ್ನೋ ಪದ ಊಟದ ತಟ್ಟೆ ಮುಂದೆ ಜೋರಾಗಿ ಹೇಳೋಕೆ ನಂಗಂತೂ ಧೈರ್ಯ ಬರಲ್ಲ. ಮತ್ತೆ ಜಿನೋವಾದೋರು ಪಾಸ್ತಾ ಜೊತೆ ಪೆಸ್ಟೊಗೆ ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ ಸೇರಿಸ್ತಾರೆ, ಅದನ್ನೇ ಪಿಜ್ಜಾ ಮೇಲೆ ಹಾಕಿ ನೋಡಿ, ಆಲೂಗಡ್ಡೆ ಕಾಗದದಷ್ಟು ತೆಳ್ಳಗೆ ಹೆಚ್ಚಿ, ಹುರುಳಿಕಾಯಿ ಮುಂಚೆ ಬೇಯಿಸಿ. ಯಜಮಾನ್ರು ಎರಡನೇ ತುಂಡು ಕೇಳಿದ್ರೆ ಕೊಡಿ, ಆದ್ರೆ ಫ್ರಿಜ್ ಬಾಗಿಲು ತೋರಿಸಿ ಕೊಡಿ.

ಪ್ರಶ್ನೆ: ಪೆಸ್ಟೊ ಪಿಜ್ಜಾ ತಿಂದು ಎರಡು ದಿನ ಆದ್ಮೇಲೆ ಏನ್ ತಿಂದ್ರೂ ಬಾಯಲ್ಲಿ ಲೋಹ ನೆಕ್ಕಿದ ಹಾಗೆ ಕಹಿ. ಜ್ವರ ಇಲ್ಲ ಏನಿಲ್ಲ. ಭಯ ಆಗ್ತಿದೆ. – ಬಾಯಿ ಕಹಿಯಾದವನು

ಉತ್ತರ: ಪೈನ್ ನಟ್ ಹಾಕಿದ್ರಾ? ಹಾಕಿರ್ತೀರಿ. 'ಪೈನ್ ಮೌತ್' ಅಂತ ಒಂದಿದೆ, ಪೈನ್ ಮರದ ಕೆಲವು ಜಾತಿ, ಮುಖ್ಯವಾಗಿ ಪೈನಸ್ ಅರ್ಮಾಂಡಿಯೈ ಅನ್ನೋದರ ಬೀಜ ತಿಂದ ಕೆಲವರಿಗೆ ಅರ್ಧ ದಿನದಿಂದ ಎರಡು ದಿನ ಬಿಟ್ಟು ಶುರುವಾಗತ್ತೆ, ಕೆಲವು ದಿನದಿಂದ ಎರಡು ವಾರದೊಳಗೆ ತಾನೇ ಹೋಗತ್ತೆ. ಆ ಪ್ಯಾಕೆಟ್ ಮತ್ತೆ ಮುಟ್ಟಬೇಡಿ. ಅಲರ್ಜಿಯ ಲಕ್ಷಣ ಇದ್ರೆ, ಅಂದ್ರೆ ಊತ, ತುರಿಕೆ, ಉಸಿರಾಟಕ್ಕೆ ಕಷ್ಟ, ಅದು ಬೇರೇನೇ, ತಕ್ಷಣ ಡಾಕ್ಟರ ಹತ್ರ ಹೋಗಿ. ಮುಂದಿನ ಸಲ ಗೋಡಂಬೀನೋ ವಾಲ್‌ನಟ್ಟೋ ಹಾಕಿ, ವಾಲ್‌ನಟ್ ಸಿಪ್ಪೆ ಒಗರು, ಬಿಸಿನೀರಲ್ಲಿ ನೆನೆಸಿ ಆದಷ್ಟು ತಿಕ್ಕಿ ತೆಗೀರಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಪಾರ್ಮಿಜಾನೊ ತಿನ್ನಬಹುದಾ? – ಲೇಬಲ್ ಓದುವವಳು

ಉತ್ತರ: ಪಾರ್ಮಿಜಾನೊ ರೆಜ್ಜಾನೊ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಹಾಕ್ಬೇಕು ಅಂತ ನಿಯಮ. ಹಾಗಾಗಿ ನಿಮಗಾಗಲ್ಲ. ಲೇಬಲ್ ಮೇಲೆ 'ಮೈಕ್ರೋಬಿಯಲ್ ರೆನೆಟ್' (ಸೂಕ್ಷ್ಮಜೀವಿಗಳಿಂದ ಮಾಡಿದ್ದು) ಅಂತ ಇರೋ ಗಟ್ಟಿ ಚೀಸ್ ಹುಡುಕಿ, ಪೆಸ್ಟೊಗೆ ಬೇಕಿರೋದು ಉಪ್ಪು ಮತ್ತೆ ಹಳೇ ಚೀಸಿನ ಖಾರ, ಅದು ಸಿಕ್ಕರೆ ಸಾಕು.

ಪ್ರಶ್ನೆ: ಉಳಿದ ಪೆಸ್ಟೊ ಎಷ್ಟು ದಿನ ಇಡಬಹುದು? ಎಣ್ಣೆ ಮುಳುಗೋ ಹಾಗೆ ಹಾಕಿಟ್ರೆ ತಿಂಗಳುಗಟ್ಟಲೆ ಹೊರಗೇ ಇರತ್ತೆ ಅಂತ ಯಾರೋ ಹೇಳಿದ್ರು. – ಬಾಟ್ಲಿ ತುಂಬಿಟ್ಟವಳು

ಉತ್ತರ: ಹೊರಗಿಟ್ಟಿದ್ರೆ ಈಗ್ಲೇ ಎಸೀರಿ, ಮೂಸಿ ನೋಡೋದೂ ಬೇಡ, ರುಚಿ ನೋಡೋದಂತೂ ಬೇಡ್ವೇ ಬೇಡ. ಎಣ್ಣೆ ಗಾಳೀನ ತಡೆಯತ್ತೆ ನಿಜ, ಆದ್ರೆ ಗಾಳಿ ಇಲ್ಲದ ಕಡೇನೇ ಬೆಳೆಯೋ ಬೊಟ್ಯುಲಿಸಂ ಬ್ಯಾಕ್ಟೀರಿಯಾಕ್ಕೆ ಎಣ್ಣೇಲಿ ಮುಳುಗಿದ ಹಸಿ ಬೆಳ್ಳುಳ್ಳಿ ಅಂದ್ರೆ ಹಬ್ಬ, ಅದರ ವಿಷಕ್ಕೆ ವಾಸನೆ ಬರ್ಲೇಬೇಕು ಅಂತಿಲ್ಲ. ಫ್ರಿಜ್‌ನಲ್ಲಿ ಮೂರು ದಿನ, ಮೇಲೆ ತೆಳ್ಳಗೆ ಎಣ್ಣೆ ಹಾಕಿ, ಅದು ಬಣ್ಣಕ್ಕೆ ಮಾತ್ರ. ಜಾಸ್ತಿ ದಿನ ಬೇಕಾದ್ರೆ ಚೀಸು ಹಾಕೋಕೆ ಮುಂಚೆ ಐಸ್ ಟ್ರೇಲಿ ಹಾಕಿ ಫ್ರೀಜ್ ಮಾಡಿ, ಒಂದು ಪಿಜ್ಜಾಗೆ ಎರಡು ಕ್ಯೂಬ್ ಅಂತ ಲೆಕ್ಕ ಇಟ್ಕೊಳ್ಳಿ, ಬೇಕಾದಾಗ ಫ್ರಿಜ್‌ನಲ್ಲೇ ಕರಗಿಸಿ ಚೀಸು ಸೇರಿಸಿ. ಹಸಿ ಬೇಸಿಲ್ ಕಟ್ಟನ್ನ ಮಾತ್ರ ಫ್ರಿಜ್‌ಗೆ ಹಾಕ್ಬೇಡಿ, ಚಳಿಗೆ ಎಲೆ ಕಪ್ಪಾಗತ್ತೆ. ದಂಟಿನ ತುದಿ ಕತ್ತರಿಸಿ ಲೋಟ ನೀರಲ್ಲಿ ಹೂವಿನ ಹಾಗೆ ನಿಲ್ಲಿಸಿ, ದಿನಾ ನೀರು ಬದಲಾಯಿಸಿ. ಒಂದು ವಾರ ಬಿಟ್ಟು ನೋಡಿದ್ರೆ ಒಂದೆರಡು ದಂಟು ಬೇರು ಬಿಟ್ಟಿದ್ರೂ ಬಿಟ್ಟಿರತ್ತೆ, ಅದನ್ನ ಮಣ್ಣಿಗೆ ಹಾಕಿ.